ಅರಿಶಿನದ ಹಸಿರು

ಆ ಹಸಿರಿನ ವಿಷಯವನ್ನು ನಾನು ಈವರೆಗೆ ಮೂರು ಬಗೆಯಲ್ಲಿ ಹೇಳಿದ್ದೇನೆ. ವಿದ್ಯಾರ್ಥಿಗಳ ಎದುರು ಅದು ಎಚ್ಚರಿಕೆಯ ಪಾಠ. ಗೆಳೆಯರ ನಡುವೆ ತಮಾಷೆ. ಹೆಂಡತಿಗೆ ಹೇಳಿದಾಗ, ಯಾಕೋ, ನಾನು ಒಬ್ಬ ಹೆಂಗಸನ್ನು ಬದುಕಿಸಿದ ಕತೆಯಾಗಿಬಿಟ್ಟಿತ್ತು. ಮೂರರಲ್ಲೂ ವಾಸನೆ ಇರಲಿಲ್ಲ. ವಾಸನೆಯನ್ನು ತೆಗೆದು ಹೇಳಿದ್ದರಿಂದಲೇ ಅವು ಅಷ್ಟು ಓರಣವಾಗಿದ್ದವು. ಈ ಸಲ ವಾಸನೆಯಿಂದಲೇ ಶುರುಮಾಡುತ್ತೇನೆ.

ಫಿನಾಯಿಲು, ಅಸಿಟೋನು, ಸುಣ್ಣ, ಮತ್ತು ಈ ಮೂರೂ ಸೇರಿ ಮುಚ್ಚಲಾಗದ ಇನ್ನೊಂದು. ಸತ್ತ ಆಕಳ ಮೂಗಿನಿಂದ ಇಳಿಯುವ ನೀರಿನ ವಾಸನೆ. ಅದು ಕೊಳೆತದ್ದರ ವಾಸನೆಯಲ್ಲ. ಕೊಳೆಯುವುದಕ್ಕೆ ಮುಂಚಿನದು, ಸಿಹಿ ಬೆರೆತದ್ದು, ಅಂಗಿಯ ಕಾಲರಿನಲ್ಲಿ ಕೂತುಕೊಳ್ಳುವಂಥದ್ದು. ನಾನು ಕೆಲಸ ಮಾಡುತ್ತಿದ್ದ ಕಟ್ಟಡ ಹಿಂದೆ ಕಾಳುಮೆಣಸಿನ ಗೋದಾಮಾಗಿತ್ತು. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವ ಜಾಗದಲ್ಲಿತ್ತು. ಸೆಖೆಯ ದಿನಗಳಲ್ಲಿ ಗೋಡೆಯಿಂದ ಹಳೆಯ ಮೆಣಸಿನ ಘಾಟು ಹೊರಬರುತ್ತಿತ್ತು. ಸತ್ತ ಮೂಗು ಮತ್ತು ಮೆಣಸು. ಇಂದಿಗೂ ಬಿಸಿ ಸಾರಿನ ಮೇಲೆ ಯಾರಾದರೂ ಮೆಣಸಿನ ಪುಡಿ ಉದುರಿಸಿದರೆ ನಾನು ತಟ್ಟೆಯನ್ನು ಸ್ವಲ್ಪ ದೂರ ಸರಿಸುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆ ಗೋದಾಮಿನಲ್ಲಿ ಒಂದು ಸಂಶೋಧನಾ ಯೋಜನೆ ನಡೆಯುತ್ತಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹುಚ್ಚು ನಾಯಿ, ನರಿ ಕಚ್ಚಿ ಸಾಯುವ ದನಗಳ ಮಿದುಳಿನಲ್ಲಿ ರೇಬೀಸ್ ವೈರಸ್ಸಿನ ಪ್ರೋಟೀನು ಯಾವ ಭಾಗದಲ್ಲಿ ಹೇಗೆ ಸೇರಿಕೊಂಡಿರುತ್ತದೆ ಎಂದು ನೋಡುವುದು ನಮ್ಮ ಕೆಲಸ. ನಾವು ಮೂವರು. ಯೋಜನೆಯ ಮುಖ್ಯಸ್ಥರಾದ ಪಶುವೈದ್ಯರು; ಅವರನ್ನು ಬರಿದೇ ಡಾಕ್ಟರು ಎನ್ನುತ್ತೇನೆ. ಸ್ಲೈಡು ನೋಡುವ ಸಹಾಯಕನಾಗಿ ನಾನು. ಪ್ರಾಣಿಯ ತಲೆ ಕತ್ತರಿಸುವುದು, ಹೂಳುವುದು, ತಟ್ಟೆ ತೊಳೆಯುವುದಕ್ಕೆ ಬನವಾಸಿಯಿಂದಾಚೆ, ಹಾವೇರಿ ಗಡಿಯ ಕಡೆಯ ಒಬ್ಬ ಅಟೆಂಡರು. ಅವನಿಗೆ ನನಗಿಂತ ಹದಿನೈದು ವರ್ಷವಾದರೂ ಹೆಚ್ಚಾಗಿತ್ತು. ಆದರೂ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಈಗ ಬರೆಯುವಾಗಲೂ ಅದೇ ಬರುತ್ತಿದೆ. ತಿದ್ದುವುದಿಲ್ಲ, ಇರಲಿ.

ಪರೀಕ್ಷೆ ಹೀಗೆ. ತಲೆಬುರುಡೆಗೆ ಬೆನ್ನುಹುರಿ ಸೇರುವಲ್ಲಿ, ಕುತ್ತಿಗೆಯ ಹಿಂದೆ, ಒಂದು ತೂತಿದೆ. ಕತ್ತರಿಸಿದ ತಲೆಯ ಆ ತೂತಿನೊಳಗೆ ಎಳನೀರು ಕುಡಿಯುವಂಥ ಪ್ಲಾಸ್ಟಿಕ್ ಕೊಳವೆಯನ್ನು ತೂರಿ, ತಿರುಗಿಸಿ ಎಳೆದರೆ ಮಿದುಳಿನ ಬುಡದ ತುಣುಕು ಬರುತ್ತದೆ. ಅದನ್ನು ಗಾಜಿನ ಸ್ಲೈಡಿಗೆ ಒತ್ತಿ, ಅಸಿಟೋನಿನಲ್ಲಿ ಅದ್ದಿಟ್ಟು, ಒಣಗಿಸಿ, ಮೇಲೊಂದು ಹನಿ ಪ್ರತಿಕಾಯ ಹಾಕಬೇಕು. ಪ್ರತಿಕಾಯವೆಂದರೆ ರೋಗವನ್ನು ಎದುರಿಸಲು ರಕ್ತದಲ್ಲಿ ಹುಟ್ಟುವ ವಸ್ತು. ನಮ್ಮದು ಎಲ್ಲಿಯದೋ ಮೇಕೆಯ ರಕ್ತದಿಂದ ತೆಗೆದು, ಹೊಳೆಯುವ ಬಣ್ಣವನ್ನು ಕಟ್ಟಿ ಕಳಿಸಿದ್ದು. ಹೆಬ್ಬೆರಳಿನ ಗಾತ್ರದ ಬಾಟಲಿಯಲ್ಲಿ ಬರುತ್ತಿತ್ತು. ಅದು ರೇಬೀಸಿನ ಪ್ರೋಟೀನನ್ನು ಮಾತ್ರ ಹುಡುಕಿ ಹಿಡಿದುಕೊಳ್ಳುತ್ತದೆ, ತೊಳೆದರೂ ಬಿಡುವುದಿಲ್ಲ. ಪ್ರೋಟೀನು ಇಲ್ಲದಿದ್ದರೆ ನೀರಿನ ಜೊತೆ ಹೋಗಿಬಿಡುತ್ತದೆ. ಆಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ನೀಲಿ ಬೆಳಕು ಬಿಟ್ಟು ನೋಡಿದರೆ, ರೋಗವಿದ್ದಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ. ಸೇಬಿನ ಹಸಿರು ಎಂದು ಪುಸ್ತಕದಲ್ಲಿತ್ತು. ಶಿರಸಿ ಪೇಟೆಯಲ್ಲಿ ಅಲ್ಲಿಯವರೆಗೆ ನಾನು ಹಸಿರು ಸೇಬನ್ನು ಕಂಡವನಲ್ಲ. ಮೊದಲ ಸಲ ಹಸಿರು ಸೇಬು ಕೊಂಡಾಗ ಅದು ರೇಬೀಸಿನ ಬಣ್ಣದ್ದು ಎಂದು ಅನ್ನಿಸಿ ತಿನ್ನಲಾಗಲಿಲ್ಲ.

ಕೊಳವೆಯ ಮತ್ತೊಂದು ತುದಿಯಿಂದ ಆ ತುಣುಕನ್ನು ಹೊರಗೆ ತಳ್ಳುವುದಿದೆಯಲ್ಲ, ಅದು ನನ್ನ ಕೆಲಸ. ಹಾಲುಬಾಯಿ ತಟ್ಟೆಗೆ ಬಿದ್ದಾಗ ನಡುಗುವ ಹಾಗೆ ಅದು ನಡುಗುತ್ತಿತ್ತು. ಮೂರು ವರ್ಷ ದಿನವೂ ಇದನ್ನೇ ಮಾಡಿಯೂ ನನಗೆ ಅಭ್ಯಾಸವಾಗಲಿಲ್ಲ. ಅಭ್ಯಾಸವಾಗಿತ್ತು ಎಂದು ಬೇರೆ ಕಡೆ ಹೇಳಿಕೊಂಡಿದ್ದೇನೆ. ಹೇಸಿಗೆಯನ್ನು ಗೆದ್ದವನೆಂದು ಹೇಳಿಕೊಳ್ಳುವುದು ಈ ಕಸುಬಿನವರಿಗೆಲ್ಲ ಇಷ್ಟ. ನಾನು ಗೆಲ್ಲಲಿಲ್ಲ. ಆದಷ್ಟು ಬೇಗ ಮುಗಿಸಿ ಕೈ ತೊಳೆಯುವುದನ್ನು ಕಲಿತೆ, ಅಷ್ಟೆ. ಮುಂದೆ ಆದದ್ದೆಲ್ಲ ಈ ಅವಸರದಿಂದ ಆದದ್ದು.

ಒಂದು ಬೇಸಿಗೆಯ ಬೆಳಿಗ್ಗೆ ಸಿದ್ದಾಪುರ ತಾಲೂಕಿನ ತ್ಯಾಗಲಿಯ ಕಡೆಯಿಂದ ಫೋನು ಬಂತು. ಆಕಳು ಸತ್ತಿದೆ, ಜೊಲ್ಲು ಸುರಿಸುತ್ತಿತ್ತು, ಕೂಗುತ್ತಿತ್ತು. ಡಾಕ್ಟರು ಹಿಂದಿನ ದಿನವೇ ಯಲ್ಲಾಪುರದ ಚಂದಗುಳಿ ಕಡೆ ಹೋಗಿದ್ದರು. ನಾನೂ ಅಟೆಂಡರನೂ ಜೀಪಿನಲ್ಲಿ ಹೊರಟೆವು.

ಆಕಳು ಅಂಗಳದ ತುದಿಯಲ್ಲಿ, ಅಡಿಕೆ ಸೋಗೆಯ ಮೇಲೆ ಮಲಗಿತ್ತು. ನೊಣಗಳನ್ನು ಓಡಿಸುತ್ತ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ನಲವತ್ತೈದು ದಾಟಿದ ವಯಸ್ಸು. ಫೋನು ಮಾಡಿದ್ದು ಅವರ ಮೈದುನ. ಆಕಳನ್ನು ಸಾಕಿದ್ದೂ ಹಾಲು ಕರೆಯುತ್ತಿದ್ದುದೂ ಇವರೇ. ಎರಡು ದಿನದ ಹಿಂದೆ ಅದು ಬಾಯಿ ತೆರೆದು ಕೆಮ್ಮಿದಂತೆ ಮಾಡುತ್ತಿದ್ದಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಇವರು ಮೊಣಕೈವರೆಗೆ ಕೈ ಹಾಕಿ ಹುಡುಕಿದ್ದರು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಹುಚ್ಚು ಹಿಡಿದ ಆಕಳಿಗೆ ಗಂಟಲು ಕಟ್ಟುತ್ತದೆ. ನೋಡುವವರಿಗೆ ಅದು ಹಲಸಿನ ಬೇಳೆ ಸಿಕ್ಕಿದ ಹಾಗೆಯೇ ಕಾಣುತ್ತದೆ. ಕೈಯ ಮೇಲೆ ಹಲ್ಲು ಗೀರಿದ ಗೆರೆಗಳಿದ್ದವು. ಗೆರೆಗಳ ಮೇಲೆ ಅರಿಶಿನ.

"ಇವತ್ತೇ ಸಿದ್ದಾಪುರಕ್ಕೆ ಹೋಗಿ ಇಂಜೆಕ್ಷನ್ ಶುರುಮಾಡಿ. ನಮ್ಮ ಪರೀಕ್ಷೆಗೆ ಕಾಯಬೇಡಿ," ಎಂದೆ. ಅವರ ಮನೆಯ ಮಾತು ನನ್ನ ಮನೆಯ ಮಾತೂ ಹೌದು. ಆದರೆ ಕೆಲಸದ ಹೊತ್ತಿನಲ್ಲಿ ನಾನು ಪುಸ್ತಕದ ಕನ್ನಡ ಆಡುತ್ತಿದ್ದೆ. ಅದೂ ಒಂದು ಕೈಗವಸು.

"ಆನು ತಗತ್ನಿಲ್ಲೆ," ಎಂದರು ಅವರು.

"ಯಾಕೆ?"

"ನನ್ನ ತಮ್ಮಂಗೆ ಆದ್ದು ಗೊತ್ತಿದ್ದ ನಿಂಗೆ? ನಾಯಿ ಕಚ್ಚಿತ್ತು ಹೇಳಿ ಹೊಟ್ಟೆಗೆ ಚುಚ್ಚಿದ್ರು. ಹತ್ತನೇ ದಿನ ಕಾಲು ಹೋತು. ಆ ನಾಯಿ ಈಗ್ಲೂ ಊರೆಲ್ಲ ತಿರುಗ್ತಾ ಇದ್ದು. ತಮ್ಮ ಇನ್ನೂ ಮಂಚದ ಮೇಲೇ ಇದ್ದ."

ಅವರು ಹೇಳಿದ್ದು ಸುಳ್ಳಲ್ಲ. ಆಗ ಸಿಗುತ್ತಿದ್ದದ್ದು ಹಳೆಯ ಲಸಿಕೆ. ಕುರಿಯ ಮಿದುಳನ್ನು ಅರೆದು ತಯಾರಿಸಿದ್ದು. ದಿನಕ್ಕೊಂದರಂತೆ ಹದಿನಾಲ್ಕು ದಿನ ಹೊಟ್ಟೆಗೆ ಕೊಡುತ್ತಿದ್ದರು. ಎಲ್ಲೋ ಕೆಲವರಿಗೆ ಆ ಪರಕೀಯ ಮಿದುಳಿನ ಮೇಲೆ ಎದ್ದ ದೇಹದ ಸಿಟ್ಟು ತಿರುಗಿ ತಮ್ಮದೇ ನರಗಳ ಮೇಲೆ ಬೀಳುತ್ತಿತ್ತು. ಮಿದುಳಿಲ್ಲದ ಹೊಸ ಲಸಿಕೆ ಬಂದಿದೆ ಎಂದು ಕೇಳಿದ್ದೆವು. ನಮ್ಮ ಕಡೆಯ ತಂಪುಪೆಟ್ಟಿಗೆಗಳಿಗೆ ಅದು ಇನ್ನೂ ಬಂದಿರಲಿಲ್ಲ.

"ಕುರಿ ಮಿದುಳು ಹೇಳಿ ಗೊತ್ತಾದಾಗಿಂದ ಅತ್ತಿಗೆಗೆ ಹೊಟ್ಟೆ ತೊಳಸ್ತಡ," ಎಂದು ಮೈದುನ ನಕ್ಕ. "ಆಕಳ ಬಾಯಿಗೆ ಕೈ ಹಾಕಕಾದ್ರೆ ಎಂತೂ ಆಜಿಲ್ಲೆ."

"ನೀ ಸುಮ್ಮಂಗಿರು. ನಿಂಗೆ ಕರೆಂಟು ಹೋದ್ರೂ ಹೆದ್ರಿಕೆ." ನನ್ನ ಕಡೆ ತಿರುಗಿದರು. "ತಮಾ, ನಿಂಗ ನೋಡಿ ಹೇಳಿ. ಇದ್ದು ಅಂದ್ರೆ ನಾಳೆ ಬೆಳಿಗ್ಗೆ ಬಸ್ಸಿಗೇ ಹೋಗ್ತೆ. ಇಲ್ಲೆ ಅಂದ್ರೆ ಹೋಗ್ತ್ನಿಲ್ಲೆ. ಸುಮ್ ಸುಮ್ನೆ ಕಾಲು ಕೊಟ್ಕಂಡು ಕೂತ್ಕಂಬ್ಲೆ ನಂಗೆ ಆಗ್ತಿಲ್ಲೆ."

ಅಷ್ಟೇ ಇದ್ದದ್ದು. ಇದೆ ಎಂದರೆ ಹೊಟ್ಟೆಗೆ ಹದಿನಾಲ್ಕು ಸೂಜಿ, ತಮ್ಮನ ಹಾಗೆ ಆಗಬಹುದೆಂಬ ಹೆದರಿಕೆ. ಇಲ್ಲ ಎಂದು ನಾನು ತಪ್ಪಿ ಹೇಳಿದರೆ ಸಾವು. ಈ ರೋಗ ತಲೆಗೇರಿದ ಮೇಲೆ ಔಷಧವಿಲ್ಲ. ನನ್ನ ಒಂದು ಪದಕ್ಕೆ ಅವರು ಕಾಯುತ್ತಿದ್ದರು. ಆಗ ನನಗೆ ಹೆದರಿಕೆ ಆಗಬೇಕಿತ್ತು. ಹೆಮ್ಮೆಯಾಯಿತು.

ಅಟೆಂಡರು ತಲೆ ಕತ್ತರಿಸಿದ. ನಾನು ಜೀಪಿನ ನಂಬರು ಓದುತ್ತ ನಿಂತಿದ್ದೆ. ಮೂಳೆಯ ಸಂದಿಯಲ್ಲಿ ಕತ್ತಿ ಸಿಕ್ಕಿಕೊಂಡಾಗಿನ ಸದ್ದು, ಒದ್ದೆ ಹಗ್ಗ ಹರಿದಂತೆ. ಆಮೇಲೆ ನಾವಿಬ್ಬರೂ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದೆವು.

ಇಲ್ಲಿ ನನ್ನ ನೆನಪನ್ನು ನಂಬುವಂತಿಲ್ಲ. ಎರಡು ಚಿತ್ರಗಳಿವೆ. ಒಂದರಲ್ಲಿ ನಾನು ಬಗ್ಗಿ ಕೈ ತೊಳೆಯುತ್ತಿದ್ದೇನೆ, ಬೆನ್ನ ಹಿಂದೆ ಏನಾಗುತ್ತಿದೆಯೋ ತಿಳಿಯದು. ಇನ್ನೊಂದರಲ್ಲಿ ತಿರುಗಿ ನೋಡುತ್ತಿದ್ದೇನೆ. ಆ ಹೆಂಗಸು ಬಾಳೆ ಎಲೆಯ ಚೂರಿನಲ್ಲಿ ಕಲಸಿದ ಅರಿಶಿನವನ್ನು ತಂದು, ಕತ್ತರಿಸಿದ ಕುತ್ತಿಗೆಗೆ, ಮಾಂಸಕ್ಕೆ, ನಡುವಿನ ಆ ತೂತಿಗೂ, ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದಾರೆ. ರಕ್ತ ಬೆರೆತಲ್ಲಿ ಹಳದಿ ಕಂದಾಗುತ್ತಿದೆ. "ಗಾಯ ಹಂಗೇ ಬಿಟ್ಟು ಕಳಸದು ಹೆಂಗೆ," ಎನ್ನುತ್ತಿದ್ದಾರೆ, ಯಾರಿಗೋ, ಬಹುಶಃ ಆಕಳಿಗೆ. ಗಾಯಕ್ಕೆ ಅರಿಶಿನ ಹಾಕುವುದು ಆ ಮನೆಗಳಲ್ಲಿ ಯೋಚಿಸಿ ಮಾಡುವ ಕೆಲಸವಲ್ಲ. ಕುಡುಗೋಲು ತಾಗಿದರೂ, ಕರುವಿನ ಹೊಕ್ಕುಳಿಗೂ, ಎಲ್ಲಕ್ಕೂ ಅದೇ. ಸತ್ತ ಆಕಳ ಗಾಯ ಗಾಯವಲ್ಲ ಎಂದು ಅವರಿಗೆ ಯಾರು ಹೇಳಿದ್ದರು?

ಎರಡನೆಯ ಚಿತ್ರದಲ್ಲಿ ಕಂದಿನ ವಿವರವೂ ಇದೆ, ಬಾಳೆ ಎಲೆಯ ಹರಿದ ಅಂಚೂ ಇದೆ. ಅಷ್ಟು ವಿವರವಾದ್ದರಿಂದಲೇ ನನಗೆ ಅನುಮಾನ. ಆಮೇಲೆ ಅಟೆಂಡರು ಹೇಳಿದ್ದನ್ನು ಕೇಳಿ ನಾನೇ ಬಿಡಿಸಿಕೊಂಡ ಚಿತ್ರವಿರಬಹುದು. ಕಣ್ಣಾರೆ ಕಂಡಿದ್ದರೆ ನನ್ನ ತಪ್ಪು ಎರಡು ಪಟ್ಟು. ಆದ್ದರಿಂದ ಮೊದಲನೆಯದೇ ನಿಜವಾಗಿರಲಿ ಎಂದು ನನ್ನ ಮನಸ್ಸು ಬಯಸುತ್ತದೆ. ಬಯಸುತ್ತದೆ ಎನ್ನುವುದೇ ಅದನ್ನು ನಂಬದಿರಲು ಸಾಕು.

ಹೊರಡುವಾಗ ಅವರು ಬೆಲ್ಲ, ನೀರು ತಂದಿಟ್ಟರು. ಬೆರಳುಗಳಲ್ಲಿ ಹಳದಿಯಿತ್ತು, ಇದು ಮಾತ್ರ ಎರಡೂ ಚಿತ್ರಗಳಲ್ಲಿದೆ. ಅಟೆಂಡರು ಬೆಲ್ಲ ತಿಂದು ಚೊಂಬು ಎತ್ತಿ ಗಟಗಟ ಕುಡಿದ. ನಾನು ಚೊಂಬನ್ನು ಬಾಯಿಯ ಹತ್ತಿರ ಹಿಡಿದಂತೆ ಮಾಡಿ, ಅವರು ಒಳಗೆ ಹೋದ ಮೇಲೆ ದಾಸವಾಳದ ಬುಡಕ್ಕೆ ಸುರಿದೆ. ಅಟೆಂಡರು ನೋಡಿದ.

ಮಧ್ಯಾಹ್ನ ಗೋದಾಮಿನಲ್ಲಿ ತಲೆಯನ್ನು ತಟ್ಟೆಯಲ್ಲಿಟ್ಟು ಅವನು ಕೊಳವೆ ತೂರಿಸಿದ. ನಾನು ಆಚೆ ಮುಖ ಮಾಡಿ ಸ್ಲೈಡುಗಳಿಗೆ ಗುರುತು ಹಾಕುತ್ತಿದ್ದೆ.

"ಸಾರ, ಇದ್ರಾಗ ಅರಿಶಿಣದ ವಾಸ್ನಿ ಐತ್ರಿ," ಎಂದ.

"ನಿನಗೆ ಹಸಿವಾಗಿದೆ."

"ಹಸಿವಾದ್ರ ಇದ್ರಾಗ ಯಾಕ ಹುಡುಕಲ್ರಿ? ಆ ಅಮ್ಮಾರು ಗಾಯಕ್ಕ ತುಂಬ್ಯಾರ. ಒಮ್ಮಿ ಮೂಸಿ ನೋಡ್ರಿ."

"ಮೂಗಿನಿಂದ ಪರೀಕ್ಷೆ ಮಾಡುವುದಾದರೆ ಆ ಮಷೀನು ಯಾಕೆ ತರಿಸಿದ್ದು? ಕೊಡು ಇಲ್ಲಿ."

ಕೊಟ್ಟ. ತಟ್ಟೆ ತೊಳೆಯಲು ಹೋದ.

ಒಂದು ಮಾದರಿಗೆ ಮೂರು ಸ್ಲೈಡು ಮಾಡಬೇಕೆಂಬುದು ಡಾಕ್ಟರು ಹಾಕಿಕೊಟ್ಟ ಕ್ರಮ. ಪ್ರತಿಕಾಯ ಹಾಕಿದ್ದು ಒಂದು. ರೋಗವಿಲ್ಲದ ಆಕಳ ಮಿದುಳಿಗೆ ಪ್ರತಿಕಾಯ ಹಾಕಿದ್ದು ಇನ್ನೊಂದು. ಇದೇ ಮಿದುಳಿನದು, ಆದರೆ ಪ್ರತಿಕಾಯ ಹಾಕದೆ ಬಿಟ್ಟದ್ದು ಮೂರನೆಯದು. ಆ ಮೂರನೆಯದು ಕಪ್ಪಾಗಿಯೇ ಇರಬೇಕು. ಅದೂ ಹೊಳೆದರೆ, ಹೊಳೆಯುತ್ತಿರುವುದು ನಮ್ಮ ಬಣ್ಣವಲ್ಲ, ಬೇರೇನೋ. ಅದಕ್ಕೆ ಪ್ರತಿಕಾಯದ ಹನಿಯೂ ಬೇಡ. ಹತ್ತು ನಿಮಿಷ ಬೇಕು, ಮತ್ತು ಕೊಳವೆಯಿಂದ ಇನ್ನೊಮ್ಮೆ ಆ ತುಣುಕನ್ನು ಹೊರಗೆ ತಳ್ಳಬೇಕು. ನಾನು ತಳ್ಳಲಿಲ್ಲ. ಆ ನಡುಗುವುದನ್ನು ಎರಡನೆಯ ಸಲ ನೋಡಲು ಮನಸ್ಸಿರಲಿಲ್ಲ. ವಿದ್ಯಾರ್ಥಿಗಳಿಗೆ ಹೇಳುವಾಗ ಆ ದಿನ ಕರೆಂಟು ಹೋಗಿತ್ತು ಎಂದು ಸೇರಿಸುತ್ತೇನೆ. ಹೋಗಿರಲಿಲ್ಲ.

ಕತ್ತಲೆ ಕೋಣೆಯಲ್ಲಿ ಕಣ್ಣಿಟ್ಟೆ. ಹಸಿರು. ಚುಕ್ಕೆಯಲ್ಲ, ಗದ್ದೆಗೆ ಗದ್ದೆಯೇ ಹಸಿರು. ಅಂಚಿನಿಂದ ಅಂಚಿಗೆ, ಸ್ವಲ್ಪ ಹಳದಿಗೆ ತಿರುಗಿದ, ಎಳೆಯ ಬಾಳೆಯೆಲೆಯನ್ನು ಬಿಸಿಲಿಗೆ ಹಿಡಿದಂಥ ಹಸಿರು. ಎಷ್ಟು ಚೆಂದವಿತ್ತೆಂದರೆ ನಾನು ಬೇಕೆಂದೇ ಸ್ವಲ್ಪ ಹೊತ್ತು ನೋಡುತ್ತ ಕೂತೆ. ಸ್ಲೈಡಿನ ಆಚೆ ಒಂದು ತಲೆ, ಒಂದು ಕೈ, ಹಲ್ಲಿನ ಗೆರೆಗಳು ಇವೆ ಎಂಬುದು ಆ ಹೊತ್ತಿನಲ್ಲಿ ನೆನಪಿರಲಿಲ್ಲ. ಇದನ್ನು ಬರೆಯುವಾಗ ನನಗೆ ಹೇಸಿಗೆಯಾಗುತ್ತಿರುವುದು ಮಿದುಳಿನ ಬಗ್ಗೆ ಅಲ್ಲ.

ಫೋನು ಮಾಡಿದೆ. ಮೈದುನ ಎತ್ತಿಕೊಂಡ. "ಖಾತ್ರಿ ಇದೆ. ಇಷ್ಟು ಸ್ಪಷ್ಟವಾಗಿ ನಾನು ಯಾವತ್ತೂ ಕಂಡಿಲ್ಲ," ಎಂದೆ. ಹಾಗೆ ಹೇಳುವ ಅಗತ್ಯವೇ ಇರಲಿಲ್ಲ.

ಹೆಂಗಸಿನ ಕೈಗೆ ಫೋನು ಹೋಯಿತು. "ಇದ್ದಡನಾ?"

"ಇದೆ."

"ಸರಿ. ಬೆಳಿಗ್ಗೆ ಹೋಗ್ತೆ. ತಮ್ಮನ ಮನೆ ದಾಟೇ ಬಸ್ಸು ಹೋಪದು. ಇಳೀತ್ನಿಲ್ಲೆ."

ಮಾರನೆಯ ಬೆಳಿಗ್ಗೆ ಡಾಕ್ಟರು ಬಂದರು. ಚೀಲ ಕೂಡ ಕೆಳಗಿಡದೆ ಸ್ಲೈಡು ನೋಡಿದರು. "ಚುಕ್ಕೆ ಎಲ್ಲಿ?" ಎಂದರು.

"ಎಲ್ಲಾ ಹಸಿರೇ ಇದೆ ಸರ್."

"ಎಲ್ಲಾ ಹಸಿರು ಅಂದ್ರೆ ಏನೂ ಹೇಳಿದ ಹಾಗಲ್ಲ. ಪ್ರತಿಕಾಯ ಹಾಕದೇ ಇರೋದು ತೋರಿಸು."

"ಮಾಡಿಲ್ಲ."

ಅವರು ಬೈಯಲಿಲ್ಲ. "ಮಾಡು," ಎಂದರು. ಮಾಡಿದೆ. ಕೊಳವೆಯಲ್ಲಿ ಉಳಿದಿದ್ದ ತುಣುಕಿನ ಆ ಸ್ಲೈಡೂ ಹಾಗೇ ಹೊಳೆಯಿತು. ನನ್ನ ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದುದು ಈಗಲೂ ನೆನಪಿದೆ. ಅಥವಾ ಇಳಿದಿರಬೇಕು ಎಂದು ಈಗ ಅನ್ನಿಸುತ್ತದೆ.

"ಇದರಲ್ಲಿ ಏನು ಸೇರಿದೆ?" ಎಂದು ಅವರು ಕೇಳಿದ್ದು ನನ್ನನ್ನಲ್ಲ. ಬಾಗಿಲಲ್ಲಿ ನಿಂತಿದ್ದ ಅಟೆಂಡರನನ್ನು.

"ಅರಿಶಿಣ ಐತ್ರಿ ಸಾರ," ಎಂದ. ನಿನ್ನೆಯೇ ಹೇಳಿದ್ದೆ ಎಂದು ಅವನು ಸೇರಿಸಲಿಲ್ಲ. ಸೇರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ಡಾಕ್ಟರು ಪಕ್ಕದ ಚಹಾದಂಗಡಿಯಿಂದ ಒಂದು ಚಿಟಿಕೆ ಅರಿಶಿನ ತರಿಸಿ, ಖಾಲಿ ಸ್ಲೈಡಿನ ಮೇಲೆ ಅಸಿಟೋನಿನಲ್ಲಿ ಕದಡಿ, ನೀಲಿ ಬೆಳಕಿನ ಕೆಳಗಿಟ್ಟರು. ಅದೇ ಹಸಿರು. ಅಂಚಿನಿಂದ ಅಂಚಿಗೆ. ಅರಿಶಿನ ತಾನಾಗಿಯೇ ಹೊಳೆಯುತ್ತದೆ. ಅಸಿಟೋನು ಅದನ್ನು ಕರಗಿಸಿ ಮಿದುಳಿನ ಮೇಲೆಲ್ಲ ಬಳಿದಿತ್ತು. ಆ ಅಮೋಘವಾದ ಮೇಕೆಯ ಪ್ರತಿಕಾಯ ಏನಾದರೂ ಹೇಳಿದ್ದರೂ ಅದರೊಳಗೆ ಮುಳುಗಿಹೋಗಿತ್ತು. ನಾನು ಅಷ್ಟು ಹೊತ್ತು ಕೂತು ಮೆಚ್ಚಿಕೊಂಡದ್ದು ಅಡುಗೆಮನೆಯ ಡಬ್ಬಿಯನ್ನು.

"ಅವರು?" ಎಂದರು ಡಾಕ್ಟರು.

"ಇಷ್ಟು ಹೊತ್ತಿಗೆ ಒಂದು ಇಂಜೆಕ್ಷನ್ ಆಗಿರುತ್ತದೆ." ತಮ್ಮನ ಕಾಲಿನ ವಿಷಯವನ್ನೂ ಹೇಳಿದೆ.

"ನಿಲ್ಲಿಸಿ ಅನ್ನೋ ಹಾಗಿಲ್ಲ. ಮುಂದುವರಿಸಿ ಅಂತ ಕಣ್ಣುಮುಚ್ಚಿ ಹೇಳೋದಕ್ಕೂ ಅವರ ತಮ್ಮ ಇದ್ದಾನೆ ಅಂತೀಯಾ. ತಲೆ ಎಲ್ಲಿ?"

"ಹೂತಾಯಿತು."

"ತೆಗೀರಿ."

ಗೋದಾಮಿನ ಹಿಂದೆ ಸುಣ್ಣ ಹಾಕಿ ಹೂಳುವ ಗುಂಡಿಗಳಿದ್ದವು. ಹಗಲು ಹನ್ನೊಂದು ಗಂಟೆಯ ಬಿಸಿಲು. ನಿಂಬೆ ಎಲೆ ಜಜ್ಜಿ ಬಟ್ಟೆಯಲ್ಲಿಟ್ಟು ಮೂಗಿಗೆ ಕಟ್ಟಿಕೊಂಡೆವು. ಒಂದು ದಿನದ ಸೆಖೆಗೆ ತಲೆ ಬಾತಿತ್ತು. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದರ ಮೇಲೆ ಸುಣ್ಣ ಕೂತು ಬೆಂದ ಮೀನಿನ ಕಣ್ಣಿನಂತಾಗಿತ್ತು. ನಾಲಿಗೆ ಹಲ್ಲುಗಳ ನಡುವೆ ಹೊರಗೆ. ಕುತ್ತಿಗೆಯ ಕಡೆ ಸುಣ್ಣ ತಾಗಿದಲ್ಲೆಲ್ಲ ಅರಿಶಿನ ಕುಂಕುಮದಂತೆ ಕೆಂಪಾಗಿತ್ತು. ಯಾರೋ ಪೂಜೆ ಮಾಡಿ ಹೂತ ಹಾಗೆ. ಅದನ್ನು ನೋಡಿ ನನಗೆ ಅತ್ಯಂತ ಅಸಹ್ಯವಾಯಿತು, ಮಾಂಸ ನೋಡಿದ್ದಕ್ಕಿಂತ ಹೆಚ್ಚು.

"ನಿನ್ನಿ ನನ್ನ ಮೂಗಿನ ಮಾತು ಕೇಳಿದ್ರ ಇವತ್ತ ಇಬ್ಬರ ಮೂಗೂ ಉಳೀತಿದ್ವು ಸಾರ," ಎಂದ ಅಟೆಂಡರು, ಗರಗಸ ಎಳೆಯುತ್ತ. ಒಂದೇ ಸಲ ಹೇಳಿದ.

ಗೆಳೆಯರ ಮುಂದೆ ಹೇಳುವಾಗ ನಾನು ಇಲ್ಲಿ ವಾಂತಿ ಮಾಡಿಕೊಳ್ಳುತ್ತೇನೆ. ಅವರು ನಗುತ್ತಾರೆ. ನಿಜವಾಗಿ ಆದದ್ದು ಅದಲ್ಲ. ಹಣೆಯ ಮೂಳೆ ತೆಗೆದು, ಮಿದುಳಿನ ಪೊರೆ ಸೀಳಿ, ಅರಿಶಿನ ತಾಗದ ಒಳಗಿನ ಭಾಗದಿಂದ ತುಂಡು ತೆಗೆಯುತ್ತಿದ್ದಾಗ ನನ್ನ ಹೊಟ್ಟೆ ಗುರುಗುಟ್ಟಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆ ತಲೆಯ ಮೇಲೆ ಬಗ್ಗಿಕೊಂಡು ನನಗೆ ಹಸಿವಾಗಿತ್ತು.

ಮೂರು ಸ್ಲೈಡು ಮಾಡಿದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಪ್ರತಿಕಾಯ ಹಾಕದ್ದು: ಕಪ್ಪು. ರೋಗವಿಲ್ಲದ ಆಕಳದ್ದು: ಕಪ್ಪು. ಮೂರನೆಯದನ್ನು ಇಡುವ ಮೊದಲು ನಾನು ಬಯಸಿದ್ದನ್ನು ನೇರವಾಗಿಯೇ ಬರೆಯಬೇಕು. ಹಸಿರು ಇರಲಿ ಎಂದು ಬಯಸಿದೆ. ಹಸಿರಿದ್ದರೆ ನಿನ್ನೆ ಫೋನಿನಲ್ಲಿ ಹೇಳಿದ್ದು ಸರಿಯಾಗುತ್ತದೆ. ಕಪ್ಪಾಗಿದ್ದರೆ, ಅವರ ಹೊಟ್ಟೆಗೆ ಸುಮ್ಮನೆ ಕುರಿಯ ಮಿದುಳು ಹಾಕಿಸಿದವನು ನಾನು. ಒಬ್ಬ ಹೆಂಗಸು ಕೈ ಹಾಕಿದ ಬಾಯಿಯಲ್ಲಿ ಹುಚ್ಚಿನ ವಿಷ ಇದ್ದಿರಲಿ ಎಂದು, ನನ್ನ ಮಾತು ಉಳಿಯಲಿ ಎಂದು, ಕತ್ತಲೆಯಲ್ಲಿ ಕೂತು ಬಯಸಿದೆ.

ಚುಕ್ಕೆಗಳಿದ್ದವು. ಮಸಿಯಂಥ ಕತ್ತಲೆಯಲ್ಲಿ ಸಣ್ಣ ಸಣ್ಣ ಹಸಿರು ಪುಡಿ, ಅಲ್ಲಲ್ಲಿ ಸಾಸಿವೆಯಷ್ಟು ದೊಡ್ಡವು. ಈ ಹಸಿರಿನಲ್ಲಿ ಹಳದಿ ಇರಲಿಲ್ಲ. ಚೆಂದವೂ ಇರಲಿಲ್ಲ. ಯಾರೋ ಉಗುರಿನಿಂದ ಕತ್ತಲನ್ನು ಗೀರಿದ ಹಾಗಿತ್ತು.

"ಅಬ್ಬ," ಎಂದೆ. ಗಟ್ಟಿಯಾಗಿ ಅಂದಿರಬೇಕು, ಹೊರಗಿದ್ದ ಅಟೆಂಡರು "ಏನಾತ್ರಿ?" ಎಂದು ಕೇಳಿದ. ಈ ಎಲ್ಲ ವರ್ಷಗಳಲ್ಲಿ ಆ ಗುಂಡಿಯ ವಾಸನೆ ಬಹಳ ಮಟ್ಟಿಗೆ ಮಾಸಿದೆ. ಆ ಅಬ್ಬ ಮಾಸಿಲ್ಲ.

ಡಾಕ್ಟರು ನೋಡಿ ತಲೆಯಾಡಿಸಿದರು. "ಇದೆ. ಇಂಜೆಕ್ಷನ್ ಪೂರ್ತಿ ಆಗಲೇಬೇಕು. ಅವರಿಗೆ ಹೊಸದಾಗಿ ಹೇಳೋದು ಏನೂ ಇಲ್ಲ. ನೀನು ನಿನ್ನೆ ಹೇಳಿದ್ದು ಪರೀಕ್ಷೆ ಮಾಡಿ ಅಲ್ಲ, ಅದೃಷ್ಟದಿಂದ. ಪುಸ್ತಕದಲ್ಲಿ ನಡೆದದ್ದನ್ನು ಬರಿ."

ಬರೆದೆ. ನಮ್ಮಲ್ಲಿ ಪ್ರತಿ ಮಾದರಿಗೆ ಒಂದು ಪುಟ ಇರುವ ದಪ್ಪ ದಾಖಲೆ ಪುಸ್ತಕವಿತ್ತು. ಅದರಲ್ಲಿ ನಾನು ಬರೆದದ್ದು: 'ಮೊದಲನೆಯ ಮಾದರಿ ಮಾಲೀಕರು ಅರಿಶಿನ ಹಾಕಿದ್ದರಿಂದ ಕಲುಷಿತ. ಎರಡನೆಯ ಮಾದರಿಯಲ್ಲಿ ರೋಗ ಖಚಿತ.' ನಾನು ಬಿಟ್ಟ ಸ್ಲೈಡಿನ ಬಗ್ಗೆ ಒಂದಕ್ಷರವಿಲ್ಲ. ಕಲುಷಿತ ಎಂಬ ಪದವನ್ನು ಹುಡುಕಬೇಕಾಗಿಯೂ ಬರಲಿಲ್ಲ, ತಾನಾಗಿ ಬಂತು. ಡಾಕ್ಟರು ಬೇರೆ ಹತ್ತು ಪುಟಗಳ ಜೊತೆ ಅದಕ್ಕೂ ಸಹಿ ಹಾಕಿದರು.

ಮುಂದಿನ ಹದಿಮೂರು ದಿನ ನಾನು ದಿನವೂ ಮೈದುನನಿಗೆ ಫೋನು ಮಾಡಿದೆ. ಜ್ವರವೇ, ಸೊಂಟ ನೋವೇ, ಕಾಲು ಜೋಮು ಹಿಡಿಯುತ್ತದೆಯೇ. ಯೋಜನೆಯ ಕಡೆಯಿಂದ ಕೇಳುತ್ತಿದ್ದೇವೆ ಎಂದು ಸುಳ್ಳು ಹೇಳುತ್ತಿದ್ದೆ.

"ಅತ್ತಿಗೆ ಕಾಲು ವಿಚಾರಸ್ಲೆ ದಿನಾ ಫೋನು ಮಾಡ್ತ್ರಲಾ ಮಾರಾಯ್ರೆ," ಎಂದ ಅವನು ಒಂದು ದಿನ. "ಸಂಬಂಧ ನೋಡ್ಲೆ ಬಂದವೂ ಇಷ್ಟು ಕೇಳ್ತ್ವಿಲ್ಲೆ."

ಹತ್ತನೆಯ ದಿನ ಅವನ ದನಿ ಬೇರೆಯಾಗಿತ್ತು. "ಬೆಳಿಗ್ಗೆ ಎದ್ದಾಗ ಎಡಗಾಲು ಎತ್ತಲೇ ಬತ್ತಿಲ್ಲೆ ಹೇಳಿ ಅತ್ತಿಗೆ ಹೇಳ್ತಾ ಇದ್ದು," ಎಂದ. ನಾನು ಏನು ಹೇಳಿದೆನೋ ನೆನಪಿಲ್ಲ. ಫೋನಿಟ್ಟು ಕೈ ತೊಳೆದೆ, ಅವತ್ತು ಏನನ್ನೂ ಮುಟ್ಟಿರದಿದ್ದರೂ. ಮಧ್ಯಾಹ್ನ ಅವನೇ ತಿರುಗಿ ಫೋನು ಮಾಡಿದ. ಆಸ್ಪತ್ರೆಯಲ್ಲಿ ಪಾದ ಗೀರಿ, ಮಂಡಿ ತಟ್ಟಿ ನೋಡಿದರಂತೆ, ಕಾಲಿಗೆ ಏನೂ ಆಗಿಲ್ಲವಂತೆ. ಅವರು ಹೆದರಿಕೆಯಿಂದ ರಾತ್ರಿಯಿಡೀ ಕಾಲು ಮಡಿಸಿಕೊಂಡೇ ಮಲಗಿದ್ದರಂತೆ. ಉಳಿದ ನಾಲ್ಕು ಸೂಜಿಗಳನ್ನೂ ಅವರು ತೆಗೆದುಕೊಂಡರು. ಬಸ್ಸಿನಲ್ಲಿ ತಮ್ಮನ ಮನೆ ದಾಟಿ ಹೋಗಿ, ದಾಟಿ ಬಂದು.

ಮಳೆಗಾಲಕ್ಕೆ ಮುಂಚೆ ಒಂದು ದಿನ ಅವರು ಗೋದಾಮಿಗೆ ಬಂದರು, ಒಬ್ಬರೇ. ಬಾಗಿಲಿಗೆ ಎತ್ತರದ ನಾಲ್ಕು ಮೆಟ್ಟಿಲುಗಳಿದ್ದವು, ಮೂಟೆ ಇಳಿಸುವವರಿಗಾಗಿ ಕಟ್ಟಿದ್ದು. ಅವರು ಹತ್ತಿ ಬರುವುದನ್ನು ಒಳಗಿನಿಂದ ನೋಡಿದೆ. ಮುಖ ನೋಡಲಿಲ್ಲ. ಪಾದ ನೋಡಿದೆ. ಒಂದೊಂದೇ ಮೆಟ್ಟಿಲು, ಕೈಯ ಆಸರೆಯಿಲ್ಲದೆ.

"ನೋಡಿದ್ದು ಸಾಕು. ಎರಡೂ ಇದ್ದು," ಎಂದರು.

ಹೆಂಡತಿಗೆ ಹೇಳಿದ ಕತೆಯಲ್ಲಿ ಇಲ್ಲಿ ಅವರು ಮೈಕ್ರೋಸ್ಕೋಪಿನಲ್ಲಿ ಆ ಹಸಿರು ಚುಕ್ಕೆಗಳನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಾರೆ. ಅವರು ಮೈಕ್ರೋಸ್ಕೋಪಿನ ಕಡೆ ಹೋಗಲೇ ಇಲ್ಲ. ಅದರ ದೀಪ ಆ ವಾರ ಸುಟ್ಟುಹೋಗಿತ್ತು. ಅವರು ಸ್ಟೂಲಿನ ಮೇಲೆ ಕೂತು ಅಟೆಂಡರನ ಮಕ್ಕಳ ವಿಷಯ ಕೇಳಿದರು. ಆಮೇಲೆ ನನ್ನನ್ನು ಕೇಳಿದರು.

"ಅರಿಶಿನ ಹಾಕಿದ್ದಕ್ಕೆ ನಿಂಗಕ್ಕೆ ತೊಂದ್ರೆ ಆತಡ?"

ಅಟೆಂಡರು ತಟ್ಟೆ ಒರೆಸುತ್ತಿದ್ದವನು ನಿಲ್ಲಿಸಿದ.

"ಇಲ್ಲ. ಏನೂ ಆಗಲಿಲ್ಲ," ಎಂದೆ.

"ನಂಗೆ ಗೊತ್ತಿದ್ದಿತ್ತಿಲ್ಲೆ. ಗಾಯ ನೋಡಿ ಸುಮ್ಮಂಗೆ ಇಪ್ಪಲೆ ಆತಿಲ್ಲೆ." ದಪ್ಪ ದಾಖಲೆ ಪುಸ್ತಕದ ಕಡೆ ನೋಡಿದರು. "ಅದ್ರ ಬಗ್ಗೆ ಎಂತ ಬರದ್ದಿ, ಓದಿ ಹೇಳಿ ನೋಡನ."

ಪುಸ್ತಕ ತೆಗೆದೆ. ಪುಟ ಸಿಕ್ಕಿತು. ಬೆರಳಿಟ್ಟು ಓದಿದೆ. ಆಕಳು, ನಾಲ್ಕು ವರ್ಷ, ಎರಡನೆಯ ಕರು ಹಾಕಿದ್ದು, ಬಣ್ಣ ಕಪ್ಪು. ಕಲುಷಿತ ಎಂದಿದ್ದ ಸಾಲಿಗೆ ಬಂದಾಗ ನನ್ನ ಬೆರಳು ಅದನ್ನು ದಾಟಿ ಕೆಳಗಿಳಿಯಿತು. ರೋಗ ಖಚಿತ, ಎಂದು ಓದಿ ನಿಲ್ಲಿಸಿದೆ. ಅಟೆಂಡರು ನನ್ನನ್ನೇ ನೋಡುತ್ತಿದ್ದ. ಅವನಿಗೆ ಓದಲು ಬರುತ್ತಿತ್ತು.

"ಕಪ್ಪಲ್ಲ ತಮಾ," ಎಂದರು ಅವರು. "ಕೌಲು. ಬಿಸಿಲಲ್ಲಿ ನಿಂತ್ರೆ ಕಂದು ಕಾಣ್ತಿತ್ತು. ನಿಂಗ ಸತ್ತ ಮೇಲೆ ನೋಡಿದ್ದು, ಅದ್ಕೆ."

ಪೆನ್ನು ತೆಗೆದೆ. ಕಪ್ಪು ಎಂಬುದನ್ನು ಹೊಡೆದುಹಾಕಿ ಮೇಲೆ ಕೌಲು ಎಂದು ಬರೆದೆ. ಅವರು ಬಗ್ಗಿ, ಶಾಯಿ ಒಣಗುವವರೆಗೂ ಆ ಪದವನ್ನು ನೋಡಿದರು. ಸರಿಯಾಯಿತು ಎನ್ನುವಂತೆ ತಲೆಯಾಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು ನಾಲ್ಕೂ ಮೆಟ್ಟಿಲು ಇಳಿದು ಹೋದರು.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಯೋಜನೆ ಮುಗಿಯಿತು, ಗೋದಾಮು ಮತ್ತೆ ಮೆಣಸಿಗೆ ಹೋಯಿತು. ಪುಸ್ತಕ ಯಾವ ಊರಿನ ಯಾವ ಬೀರುವಿನಲ್ಲಿದೆಯೋ ತಿಳಿಯದು. ಆ ಪುಟದಲ್ಲಿ ನಾನು ತಿದ್ದಿದ್ದು ಅದೊಂದೇ ಪದ.